ಮಿಂಚು, ಸಿಡಿಲು ಮತ್ತು ಅಕ್ಕನ ಹತ್ತು ನಿಮಿಷ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಅವಸರದ ಮನುಷ್ಯ. ಕಾಫಿ ಆರುವವರೆಗೆ ಕಾದವನಲ್ಲ, ನಾಲಿಗೆ ಸುಟ್ಟುಕೊಂಡೇ ಕುಡಿದವನು. ಒಂದು ಚಪ್ಪಲಿಯನ್ನು ಮನೆಯಲ್ಲಿ ಹಾಕಿಕೊಂಡು ಇನ್ನೊಂದನ್ನು ಬೀದಿಯಲ್ಲಿ ಕುಂಟುತ್ತಾ ಹಾಕಿಕೊಳ್ಳುವವನು. ನಿಮ್ಮೂರಿನಲ್ಲಾಗಿದ್ದರೆ ಇದು ನನ್ನೊಬ್ಬನ ನಾಲಿಗೆಯ ಪಾಡಾಗಿ ಮುಗಿದುಹೋಗುತ್ತಿತ್ತು. ನಮ್ಮೂರಿನ ಮಾತೇ ಬೇರೆ. ಇಲ್ಲಿ ವೇಗ ಇರುವುದೇ ಒಂದಿಷ್ಟು. ಒಬ್ಬರು ಬೇಗ ಬೇಗ ಏನಾದರೂ ಮಾಡಿದರೆ ಅವರ ಹತ್ತಿರವಿರುವ ಇನ್ನೊಬ್ಬರು ಅಷ್ಟೇ ನಿಧಾನವಾಗುತ್ತಾರೆ. ಯಾಕೆ ಅಂತ ಕೇಳಬೇಡಿ. ನಿಮ್ಮೂರಿನಲ್ಲಿ ನೀರು ಇಳಿಜಾರಿಗೇ ಯಾಕೆ ಹರಿಯುತ್ತದೆ ಅಂತ ನಾನೇನಾದರೂ ಕೇಳಿದ್ದೇನೆಯೇ?

ಇದಕ್ಕೆ ನಾವು ಒಗ್ಗಿಕೊಂಡು ಎಷ್ಟು ತಲೆಮಾರಾಯಿತೋ. ಬಸ್ಸು ದಿಬ್ಬ ಹತ್ತುವಾಗ ಕಂಡಕ್ಟರು "ಕೈ ಕಟ್ಕೊಳ್ರೀ" ಅನ್ನುತ್ತಾನೆ. ಮಾತಾಡುತ್ತಿದ್ದವರು ಮಾತು ನಿಲ್ಲಿಸಿ, ಕಡಲೆಕಾಯಿ ಬಿಡಿಸುತ್ತಿದ್ದವರು ಬಿಡಿಸುವುದು ನಿಲ್ಲಿಸಿ ಕೈಕಟ್ಟಿ ಕೂರುತ್ತಾರೆ. ಬಸ್ಸು ಸುಯ್ಯೆಂದು ಏರಿಬಿಡುತ್ತದೆ. ಮದುವೆಯಲ್ಲಿ ಮುಹೂರ್ತ ಮೀರುವಂತಿದ್ದರೆ ಪುರೋಹಿತರು ಅಡುಗೆಮನೆ ಕಡೆ ತಿರುಗಿ "ಸೌಟು ಕೆಳಗಿಡ್ರಪ್ಪಾ ಸ್ವಲ್ಪ" ಎಂದು ಕೂಗುತ್ತಾರೆ. ಮಂತ್ರ ಮುಗಿಯುತ್ತದೆ, ಹುಳಿ ತಳ ಹಿಡಿಯುತ್ತದೆ. ಹುಳಿ ತಳ ಹಿಡಿಯದ ಮದುವೆಯನ್ನು ನಮ್ಮಲ್ಲಿ ಯಾರೂ ಮದುವೆ ಎಂದು ಒಪ್ಪುವುದಿಲ್ಲ. ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಸುಮ್ಮನೆ ಕೂರುವುದಕ್ಕೆಂದೇ ಇಬ್ಬರು ನೌಕರರಿದ್ದಾರೆ. ಖಾಯಂ ಹುದ್ದೆ, ಯೂನಿಫಾರಂ ಬೇರೆ. ಮುಂಚಿತವಾಗಿ ಗೊತ್ತಿರುವ ಅವಸರವಾದರೆ ಸರ್ಕಲ್ಲಿನ ಕರಿಹಲಗೆಯ ಮೇಲೆ ಬರೆಸಬೇಕು. ಹಲಗೆಗೆ ಗೌರಮ್ಮ ಅಂತ ಒಬ್ಬ ಗುಮಾಸ್ತೆ. ಅವಳು ಹೆಸರು, ಹೊತ್ತು ಬರೆದರೆ ಸುತ್ತಲಿನವರು ಆ ಹೊತ್ತಿಗೆ ಮರ್ಯಾದೆಯಾಗಿ ಮೆಲ್ಲಗೆ ನಡೆದುಕೊಳ್ಳುತ್ತಾರೆ.

ನಾನು ಮಾತ್ರ ಹಲಗೆಯಲ್ಲಿ ಬರೆಸದೆಯೇ ನಲವತ್ತೊಂದು ವರ್ಷ ಅವಸರ ಮಾಡಿಕೊಂಡು ಬಂದವನು. ಆ ನಲವತ್ತೊಂದು ವರ್ಷವೂ ನನ್ನ ಪಕ್ಕದಲ್ಲಿ ಇದ್ದವಳು ನನ್ನ ಅಕ್ಕ ವಿಶಾಲಾಕ್ಷಿ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳು ಒಂದು ಮೊಳ ಹೂವು ಕಟ್ಟುವಷ್ಟರಲ್ಲಿ ಮೊದಲು ಕಟ್ಟಿದ ಹೂವು ಬಾಡಿರುತ್ತಿತ್ತು. ಅವಳು ಬಾಗಿಲು ತೆಗೆಯುವಷ್ಟರಲ್ಲಿ ಪೋಸ್ಟಿನವನು ಪತ್ರವನ್ನು ಕಿಟಕಿಯಲ್ಲಿ ಸಿಕ್ಕಿಸಿ ಹೋಗಿರುತ್ತಿದ್ದ. ಅವಳಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ ಗಂಡಿನ ಕಡೆಯವರು ನೋಡಲು ಬಂದಿದ್ದರು. ಅಕ್ಕ ಒಳಗಿನಿಂದ ಹೊರಗೆ ಕಾಫಿ ತಟ್ಟೆ ತರುವಷ್ಟರಲ್ಲಿ ಅವರ ಕೊನೆಯ ಬಸ್ಸಿನ ಹೊತ್ತಾಗಿ ಎದ್ದು ಹೋದರು. ಆ ದಿನ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅವತ್ತೇ ನನಗೆ ಹೊಸ ಸೈಕಲ್ಲು ಬಂದಿತ್ತು; ಸಂಜೆಯವರೆಗೂ ಮನೆಯ ಸುತ್ತ ಸುತ್ತು ಹೊಡೆಯುತ್ತಲೇ ಇದ್ದೆ. "ವಿಶಾಲಾಕ್ಷಿ ಹುಟ್ಟಾ ನಿಧಾನ" ಎಂದು ಊರು ಹೇಳಿತು. ನಾನೂ ಹೇಳಿದೆ. ಪಾಪ, ಅವಳೂ ನಂಬಿಕೊಂಡಳು.

ಅಕ್ಕನಿಗೆ ಇದ್ದದ್ದು ಒಂದೇ ಹಟ. ಕನ್ನಡ ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸು ಮಾಡಬೇಕು. ಹತ್ತು ನಿಮಿಷದಲ್ಲಿ ಒಂದು ಪುಟ, ಮೂವತ್ತು ಸಾಲು, ಅಷ್ಟೇ. ಹನ್ನೊಂದು ಸಲ ಕೂತು ಹನ್ನೊಂದು ಸಲವೂ ಅರ್ಧ ಪುಟ ದಾಟದೆ ಎದ್ದು ಬಂದಿದ್ದಳು. ಮೊದಲನೆಯ ಸಲ ಪರೀಕ್ಷೆಗೆ ಹೋಗುವ ಮುಂಚೆಯೇ ಸರ್ಟಿಫಿಕೇಟಿಗೆಂದು ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆದಿದ್ದಳು. ಆ ಮೊಳೆಗೆ ಕ್ಯಾಲೆಂಡರು ನೇತುಹಾಕುವುದಕ್ಕೂ ಯಾರಿಗೂ ಬಿಡುತ್ತಿರಲಿಲ್ಲ. ನಾನು ಒಂದು ಸಲ ಅವಸರದಲ್ಲಿ ಅದಕ್ಕೆ ಛತ್ರಿ ಸಿಕ್ಕಿಸಿದ್ದಕ್ಕೆ ನನ್ನೊಂದಿಗೆ ನಾಲ್ಕು ದಿನ ಮಾತು ಬಿಟ್ಟಿದ್ದಳು.

ಈಗ ತಿಪ್ಪೇಶಿಯ ವಿಷಯಕ್ಕೆ ಬರುತ್ತೇನೆ. ಅವನು ಮೂರನೇ ಕ್ಲಾಸಿನಿಂದ ನನ್ನ ಗೆಳೆಯ. ಅವನದು ಮಿಕ್ಸಿ, ಟೀವಿ ರಿಪೇರಿ ಅಂಗಡಿ, ನನ್ನದು ಎದುರುಗಡೆ ಜೆರಾಕ್ಸ್ ಅಂಗಡಿ. ಬುಗುರಿಯಿಂದ ಹಿಡಿದು ಇಡ್ಲಿ ತಿನ್ನುವವರೆಗೆ ನಾವಿಬ್ಬರೂ ಪಂದ್ಯ ಕಟ್ಟದ ವಿಷಯವಿಲ್ಲ, ಮತ್ತು ನಾನು ಸೋಲದ ಪಂದ್ಯವಿಲ್ಲ. ಗೆದ್ದಮೇಲೆ ಅವನು ಹಂಗಿಸುವುದೂ ಇಲ್ಲ. "ಹೋಗ್ಲಿ ಬಿಡೋ" ಎಂದು ಬೆನ್ನು ತಟ್ಟುತ್ತಾನೆ. ಮೈಯೆಲ್ಲ ಉರಿದುಹೋಗುತ್ತದೆ.

ಹೋದ ವರ್ಷ ಇಬ್ಬರಿಗೂ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಅಂಗಡಿಯಲ್ಲಿ ಸಿಗುವ ಕಂಪ್ಯೂಟರಲ್ಲ, ಬಿಡಿಭಾಗ ತಂದು ನಾವೇ ಕೈಯಾರೆ ಜೋಡಿಸಿದ್ದು. ಬಿಡಿಭಾಗಕ್ಕೆ ನಾನು ಆಗಾಗ ಹೊರಗಿನ ಪಟ್ಟಣಕ್ಕೆ ಹೋಗಿ ಬರುತ್ತಿದ್ದೆ. ಕ್ಯಾಬಿನೆಟ್ಟಿಗೆ ಮನೆಯ ಅಕ್ಕಿ ಡ್ರಮ್ಮನ್ನೇ ಖಾಲಿ ಮಾಡಿದೆ. ಬಿಸಿಯಾಗದಿರಲಿ ಅಂತ ಒಳಗೆಲ್ಲ ಸಣ್ಣ ಪೈಪು ಓಡಿಸಿ ತಣ್ಣೀರು ಹರಿಸಿದೆ. ಅದಕ್ಕೆ ಮಿಂಚು ಎಂದು ಹೆಸರಿಟ್ಟೆ. ತಿಪ್ಪೇಶಿ ಹಳೇ ಕಾಲದ, ಬಾಗಿಲಿರುವ ಮರದ ಟೀವಿ ಪೆಟ್ಟಿಗೆಯೊಳಗೆ ತನ್ನದನ್ನು ಕೂರಿಸಿ, ಹಿಂದೆ ಲಾರಿಯ ರೇಡಿಯೇಟರ್ ಫ್ಯಾನು ಬಿಗಿದು ಸಿಡಿಲು ಎಂದು ಕರೆದ.

"ಸಿಡಿಲಿಗಿಂತ ಮಿಂಚೇ ಮುಂಚೆ ಬರೋದು, ಗೊತ್ತಾ?" ಅಂದೆ.

"ಬಂದು ಏನ್ ಕಿಸೀತದೆ? ಮರ ಬೀಳ್ಸೋದು ಸಿಡ್ಲೇ ಅಲ್ವೇನೋ" ಅಂದ ತಿಪ್ಪೇಶಿ.

ಮಾತು ಅಲ್ಲಿಗೆ ನಿಲ್ಲುವ ಹಾಗಿರಲಿಲ್ಲ. ಯಾವುದು ಜೋರು ಎಂದು ಊರ ಮುಂದೆಯೇ ಆಗಿಹೋಗಲಿ ಎಂದು ತೀರ್ಮಾನವಾಯಿತು. ಕಂಪ್ಯೂಟರುಗಳ ತಾಕತ್ತು ಅಳೆಯುವುದಕ್ಕೆಂದೇ ಒಂದು ಪ್ರೋಗ್ರಾಂ ಬರುತ್ತದೆ. ಗಾಜಿನ ಜಾಡಿಯ ತುಂಬ ಸಾವಿರ ಗೋಲಿ. ಒಂದೊಂದು ಗೋಲಿಯ ಮೇಲೂ ಬೆಳಕು ಬಿದ್ದು, ಪಕ್ಕದ ಗೋಲಿಗೆ ಸಿಡಿದು, ಅಲ್ಲಿಂದ ಮತ್ತೊಂದಕ್ಕೆ ಹಾರುವುದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರು ಚೌಕ ಚೌಕವಾಗಿ ಆ ಚಿತ್ರ ಬರೆಯುತ್ತಾ ಹೋಗುತ್ತದೆ. ಎಷ್ಟು ಮುಗಿಯಿತು ಎಂದು ಕೆಳಗೆ ಪರ್ಸೆಂಟು ತೋರಿಸುತ್ತದೆ. ಚಿತ್ರ ಮೊದಲು ಮುಗಿಸಿದ್ದು ಗೆದ್ದ ಹಾಗೆ. ನಮ್ಮ ನಮ್ಮ ಅಂಗಡಿಯಲ್ಲಿ ಬೇರೆಬೇರೆಯಾಗಿ ನೋಡಿದಾಗ ಇಬ್ಬರದೂ ಹನ್ನೆರಡು ಹನ್ನೆರಡು ನಿಮಿಷಕ್ಕೆ ಮುಗಿದಿತ್ತು. ಆ ಹನ್ನೆರಡು ನಿಮಿಷ ಪಕ್ಕದ ಹೋಟೆಲಿನ ನಿಂಗಮ್ಮನ ಇಡ್ಲಿ ಬೇಯಲಿಲ್ಲ, ಅದು ಬೇರೆ ಮಾತು.

ಗೌರಮ್ಮನ ಹತ್ತಿರ ಹೋದರೆ ಅವಳು, "ಕಂಪ್ಯೂಟ್ರು ಅಂದ್ರೆ ಶ್ಯಾನೆ ಎಳೀತವೆ. ಸಂತೆ ಇಲ್ದಿರೋ ದಿನ ಆಗ್ಬೇಕು. ಗುರುವಾರ ಹತ್ತಕ್ಕೆ ಬರ್ಕೊಳ್ಲಾ?" ಎಂದಳು. ನಾನು ಯೋಚಿಸುವ ಗೋಜಿಗೇ ಹೋಗದೆ ಹೂಂ ಅಂದೆ. ಮನೆಗೆ ಬಂದು ಹೇಳಿದರೆ ಅಕ್ಕ ಸಾರಿಗೆ ಬೇಳೆ ಆರಿಸುತ್ತಿದ್ದವಳು ತಲೆಯೆತ್ತಿದಳು. ತಲೆಯೆತ್ತುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.

"ಗುರುವಾರ ನನ್ನ ಪರೀಕ್ಷೆ ಅಲ್ವೇನೋ ಚಿದು" ಅಂದಳು.

ಮರೆತೇ ಹೋಗಿತ್ತು. ಅದು ಬರೀ ಪರೀಕ್ಷೆಯಲ್ಲ, ಕೊನೆಯ ಪರೀಕ್ಷೆ. ಟೈಪಿಂಗ್ ಶಾಲೆಯ ಲೂಸಿ ಮೇಡಂಗೆ ವಯಸ್ಸಾಗಿತ್ತು, ಕಲಿಯುವವರೂ ಇರಲಿಲ್ಲ. ಅಕ್ಕನನ್ನು ಇನ್ನೊಂದೇ ಒಂದು ಸಲ ಕೂರಿಸಿ ಬಾಗಿಲು ಹಾಕುವುದೆಂದು ಅವರು ನಿರ್ಧರಿಸಿದ್ದರು. ಆಮೇಲೆ ಆ ಪರೀಕ್ಷೆ ನಮ್ಮ ಕಡೆ ಎಲ್ಲೂ ಇಲ್ಲ.

"ನಿನ್ನದು ಹನ್ನೊಂದಕ್ಕಲ್ವಾ ಅಕ್ಕ? ನಮ್ಮದು ಹತ್ತಕ್ಕೆ ಶುರು, ಹತ್ತೂಕಾಲಿಗೆ ಮುಗೀತು. ಆಮೇಲೆ ಊರಿನ ವೇಗವೆಲ್ಲ ನಿಂದೇ, ತಗೋ."

ಅಕ್ಕ ಆರಿಸಿದ ಬೇಳೆಯನ್ನು ಮೊರದ ಅಂಚಿಗೆ ತಳ್ಳಿದಳು. "ಆಯ್ತು ಬಿಡು. ನೀನು ಈ ಸಲ ಗೆಲ್ಲು" ಎಂದು ಮತ್ತೆ ಬೇಳೆಯ ಕಡೆ ಬಾಗಿದಳು. ಅವಳು ಹಾಗೆಯೇ. ಬೈದಿದ್ದರೆ ನನಗೂ ಜಗಳವಾಡಲು ಅನುಕೂಲವಾಗುತ್ತಿತ್ತು.

ಮರುದಿನ ಲೂಸಿ ಮೇಡಂ ಹಾಲ್‌ಟಿಕೆಟಿನ ಜೆರಾಕ್ಸಿಗೆಂದು ನನ್ನ ಅಂಗಡಿಗೆ ಬಂದರು. ಕನ್ನಡಕದ ಮೇಲಿಂದ ನನ್ನನ್ನೇ ದಿಟ್ಟಿಸುತ್ತಾ, "ನಿನಗೊಂದು ಮಾತು ಹೇಳ್ಲಾ ಚಿದಂಬರ? ನಿಮ್ಮಕ್ಕ ನಿಧಾನ ಅಲ್ಲ ಕಣಪ್ಪ. ಯಾವುದೋ ಸಾಮಾನು ತರೋಕೆ ನೀನು ಊರು ಬಿಟ್ಟು ಹೋಗ್ತೀಯಲ್ಲ, ಆ ದಿನ ಅವಳ ಕೈ ನೋಡ್ಬೇಕು ನೀನು. ಎಂಟೇ ನಿಮಿಷಕ್ಕೆ ಪುಟ ಮುಗಿಸ್ತಾಳೆ" ಎಂದರು.

"ಹೌದಾ ಮೇಡಂ?" ಎಂದು ನಾನು ನಕ್ಕು, ಒಂದು ಬೇಕಿದ್ದಲ್ಲಿ ಅವಸರಕ್ಕೆ ನಾಲ್ಕು ಕಾಪಿ ತೆಗೆದುಕೊಟ್ಟೆ. ಮೇಡಂ ಅದನ್ನು ಬಹಳ ಹೊತ್ತು ಮಡಚುತ್ತಾ ನಿಂತಿದ್ದರು. ನನ್ನ ಪಕ್ಕದಲ್ಲಿ ನಿಂತರೆ ಮತ್ತೇನಾಗುತ್ತದೆ?

ಗುರುವಾರ ಬಂತು. ಪುರಸಭೆಯ ಜಗುಲಿಯ ಮೇಲೆ ಒಂದೇ ಮೇಜಿನ ಆ ತುದಿಗೆ ಸಿಡಿಲು, ಈ ತುದಿಗೆ ಮಿಂಚು. ಬಯಲಿನ ತುಂಬ ಜನ. ಮೇಲಿನ ಬೀದಿಯವರು ತಿಪ್ಪೇಶಿಯ ಕಡೆ, ಕೆಳಗಿನ ಬೀದಿಯವರು ನನ್ನ ಕಡೆ. ನಮ್ಮಲ್ಲಿ ಪಂದ್ಯಕ್ಕೆ ಬೆಂಬಲ ಕೊಡುವುದು ಎಂದರೆ ಕೂಗುವುದಲ್ಲ, ಸುಮ್ಮನಿರುವುದು. ತಮ್ಮ ವೇಗವನ್ನು ತಮ್ಮವನಿಗೆ ಬಿಟ್ಟುಕೊಟ್ಟು ಅಲ್ಲಾಡದೆ ಕೂರುವುದು. ಕೆಲವರು ಚಾಪೆ ದಿಂಬು ತಂದು ಮಲಗಿಯೇಬಿಟ್ಟಿದ್ದರು. ಹೆರಿಗೆ ಆಸ್ಪತ್ರೆಯ ಇಬ್ಬರು ನೌಕರರೂ ಯೂನಿಫಾರಂ ಹಾಕಿಕೊಂಡು ಬಂದು, ಒಬ್ಬ ಆ ಕಡೆ, ಒಬ್ಬ ಈ ಕಡೆ ಕೂತಿದ್ದರು. ಕಸುಬು ಬಲ್ಲವರು ಕೂತರೆ ಅದರ ಗತ್ತೇ ಬೇರೆ. ಅವರ ಮೂಗಿನ ಮೇಲೆ ನೊಣ ಕೂತು, ಮೀಸೆ ತಿಕ್ಕಿಕೊಂಡು, ಬೇಜಾರಾಗಿ ತಾನೇ ಎದ್ದು ಹೋಯಿತು.

ಗೌರಮ್ಮ ಸೀಮೆಸುಣ್ಣ ಹಿಡಿದು "ಒಂದು, ಎರಡು, ಮೂರು" ಎಂದಳು. ಇಬ್ಬರೂ ಗುಂಡಿ ಒತ್ತಿದೆವು.

ಮೊದಲ ಮೂರು ನಿಮಿಷ ಆಹಾ, ಏನು ಓಟ ಅಂತೀರಿ! ಗೋಲಿಗಳು ಪಟಪಟನೆ ಮೂಡುತ್ತಿದ್ದವು. ಮಿಂಚು ಮೂವತ್ತು, ಸಿಡಿಲು ಮೂವತ್ತು. ಆಮೇಲೆ ಎರಡೂ ಏದುಸಿರು ಬಿಡತೊಡಗಿದವು. ಮೂವತ್ತೊಂದಕ್ಕೆ ಬರಲು ಒಂದು ನಿಮಿಷ, ಮೂವತ್ತೆರಡಕ್ಕೆ ಒಂದೂವರೆ. ಆಗ ನನಗೆ ಹೊಳೆಯಿತು. ನಮ್ಮೂರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯವನ್ನು ಇಬ್ಬರು ಮೇಧಾವಿಗಳೂ ಮರೆತಿದ್ದೆವು. ಎರಡು ಯಂತ್ರಗಳನ್ನು ಒಂದೇ ಮೇಜಿನ ಮೇಲೆ ಇಟ್ಟಿದ್ದೆವು! ಸಿಡಿಲಿಗೆ ಹತ್ತಿರದ್ದು ಮಿಂಚು, ಮಿಂಚಿಗೆ ಹತ್ತಿರದ್ದು ಸಿಡಿಲು. ಇದರ ವೇಗವನ್ನು ಅದು ಎಳೆಯುತ್ತಿತ್ತು, ಅದರದನ್ನು ಇದು. ಎಳೆದೂ ಎಳೆದೂ ಸಾಲದೆ ಎರಡೂ ಸೇರಿ ಸುತ್ತಲಿನದಕ್ಕೆ ಬಾಯಿ ಹಾಕಿದವು.

ಜನರ ವೇಗವೆಲ್ಲ ಮುಗಿಯಿತು. ಹೋಟೆಲಿನ ಬಾಣಲೆಯಲ್ಲಿ ಬೋಂಡ ಅರ್ಧ ಮುಳುಗಿ ಹಾಗೆಯೇ ನಿಂತಿತು. ಪೋಸ್ಟಾಫೀಸಿನಲ್ಲಿ ಎತ್ತಿದ ಮುದ್ರೆ ಕೆಳಗೆ ಬರುತ್ತಿಲ್ಲವಂತೆ ಎಂದು ಸುದ್ದಿ ಬಂತು. ಸುದ್ದಿ ತಂದವನಿಗೆ ಅದನ್ನು ಹೇಳಿ ಮುಗಿಸುವುದಕ್ಕೇ ಎರಡು ನಿಮಿಷ ಬೇಕಾಯಿತು. ಬಸ್‌ಸ್ಟ್ಯಾಂಡಿನ ಆಚೆ ಒಂದು ಕೋಳಿ ಓಡುವ ಭಂಗಿಯಲ್ಲಿಯೇ ನಿಂತಿದೆಯಂತೆ. ಎಳೆತ ಬೀದಿಯಿಂದ ಬೀದಿಗೆ ಹರಡುತ್ತಿತ್ತು. ಊರಿನ ವೇಗ ನುಂಗುತ್ತಾ ಪರ್ಸೆಂಟು ಮತ್ತೆ ಏರಿ, ಹತ್ತೂವರೆ ದಾಟಿದ ಹೊತ್ತಿಗೆ ನಾನು ಎಂಬತ್ತೆಂಟು, ತಿಪ್ಪೇಶಿ ಎಂಬತ್ತೇಳು.

ಮೂವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನಾನು ಮುಂದಿದ್ದೆ! ಎದೆ ಢವಢವ ಎನ್ನಬೇಕಿತ್ತು, ಅದೂ ಢ...ವ, ಢ...ವ ಎನ್ನುತ್ತಿತ್ತು. ಸುಮ್ಮನೆ ಕಾದರೆ ಸಾಕು, ಒಂದು ಪರ್ಸೆಂಟಿನಲ್ಲಾದರೂ ಗೆಲ್ಲುತ್ತೇನೆ. ಅಷ್ಟರಲ್ಲಿ ಯಾರೋ ಅಂದರು, "ಟೈಪಿಂಗ್ ಸ್ಕೂಲ್ ಪಕ್ಕದ ನಲ್ಲೀಲಿ ನೀರು ದಾರದ ಹಾಗೆ ನಿಂತ್ಬಿಟ್ಟದಂತೆ."

ಟೈಪಿಂಗ್ ಶಾಲೆ. ಗಡಿಯಾರ ನೋಡಿದೆ, ಹತ್ತು ನಲವತ್ತು. ಅಕ್ಕ ಈಗ ಕುರ್ಚಿಯಲ್ಲಿ ಕೂತಿರುತ್ತಾಳೆ. ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುತ್ತಿರುತ್ತಾಳೆ. ಒಂದೊಂದು ಬೆರಳಿಗೆ ಒಂದೊಂದು ನಿಮಿಷ. ಇನ್ನು ಇಪ್ಪತ್ತು ನಿಮಿಷಕ್ಕೆ ಆ ಹಾಳು ಗೋಲಿ ಜಾಡಿ ಅವಳ ಕೈಬೆರಳನ್ನೂ ಹೀರಿಬಿಡುತ್ತದೆ. ಹೀರುವುದಕ್ಕೆ ಅಲ್ಲಿ ಉಳಿದಿರುವುದಾದರೂ ಏನು, ಮಿಕ್ಕದ್ದನ್ನು ನಾನೇ ಹುಟ್ಟಿದಾಗಿನಿಂದ ಹೀರಿದ್ದೇನಲ್ಲ ಅನ್ನಿಸಿತು. ಮೇಡಂ ಹೇಳಿದ ಮಾತು ಆಗ ತಲೆಗೆ ಹೋಯಿತು. ನಾನು ಊರಲ್ಲಿಲ್ಲದ ದಿನ ಎಂಟು ನಿಮಿಷ. ಆ ಕಾಫಿ ತಟ್ಟೆ, ಆ ಹೊಸ ಸೈಕಲ್ಲು. ನಾನು ಮಿಂಚಿನ ಪ್ಲಗ್ಗನ್ನು ಕಿತ್ತೆ.

ನನ್ನ ಪರದೆ ಕಪ್ಪಾಯಿತು. ತಕ್ಷಣ ಆ ಕಡೆ ಸಿಡಿಲಿನ ಫ್ಯಾನು ಗುಯ್ಯೆಂದು ಅರಚಿತು. ತೊಂಬತ್ತು. ತೊಂಬತ್ತನಾಲ್ಕು. ತಿಪ್ಪೇಶಿ ನನ್ನನ್ನು ನೋಡಿದ.

"ಏನೋ ಇದು?"

"ಹನ್ನೊಂದಕ್ಕೆ ಅಕ್ಕನ ಪರೀಕ್ಷೆ ಕಣೋ. ಕೊನೇದು."

ತೊಂಬತ್ತೇಳು. ಮೇಲಿನ ಬೀದಿಯವರೆಲ್ಲ ಮಲಗಿದ್ದಲ್ಲೇ ಕತ್ತೆತ್ತಿ ನೋಡುತ್ತಿದ್ದರು. ತಿಪ್ಪೇಶಿ ಪರದೆ ನೋಡಿದ, ನನ್ನನ್ನು ನೋಡಿದ, "ಥೂ ನಿನ್ನ" ಎಂದು ಬಾಗಿ ತನ್ನ ಪ್ಲಗ್ಗನ್ನೂ ಎಳೆದುಬಿಟ್ಟ. "ನೀನೇ ಎದ್ದು ಹೋದ್ಮೇಲೆ ಇನ್ಯಾರನ್ನ ಸೋಲಿಸ್ಲಿ ನಾನು? ವಿಶಾಲಕ್ಕನ ಪರೀಕ್ಷೆ ಅಂತ ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ?"

ಆದರೆ ಕಷ್ಟ ಶುರುವಾದದ್ದೇ ಆಮೇಲೆ. ನಲವತ್ತು ನಿಮಿಷ ಸುಮ್ಮನೆ ಕೂತ ಊರು ಒಮ್ಮೆಲೇ ಬಿಡುಗಡೆಯಾಗಿತ್ತು. ಒಲೆಯ ಮೇಲೆ ಹಾಲಿಟ್ಟವರು, ಬೀಗ ಹಾಕದೆ ಬಂದವರು, ಪಾಯಿಖಾನೆಗೆ ಹೋಗಬೇಕಾದವರು ಎಲ್ಲರೂ ದಡಬಡಿಸಿ ಏಳತೊಡಗಿದರು. ಇವರೆಲ್ಲ ಒಟ್ಟಿಗೆ ಓಡಿದರೆ ಮುಗಿಯಿತು, ಅಕ್ಕನಿಗೆ ಒಂದು ಅಕ್ಷರ ಒತ್ತುವಷ್ಟೂ ವೇಗ ಉಳಿಯುವುದಿಲ್ಲ.

"ಯಾರೂ ಓಡ್ಬೇಡಿ! ದಮ್ಮಯ್ಯ ಅಂತೀನಿ, ಯಾರೂ ಓಡ್ಬೇಡಿ!" ಎಂದು ಕೈಮುಗಿದೆ. "ಅಕ್ಕನಿಗೆ ಹತ್ತು ನಿಮಿಷ ಬೇಕು. ನಿಮ್ಮ ಹತ್ತು ನಿಮಿಷ ಕೊಡಿ."

"ಹಂಗಂದ್ರೆ ಇಲ್ಲೇ ಕೂರಾಣ ಬಿಡು" ಎಂದು ಒಬ್ಬ ಮತ್ತೆ ಚಾಪೆ ಬಿಡಿಸಿದ.

"ಇಲ್ಲಿ ಕೂತ್ರೆ ಅದೆಲ್ಲ ನಿಂಗಮ್ಮನ ಗ್ರೈಂಡರಿಗೆ ಹೋಯ್ತದೆ ಕಣ್ರೀ" ಎಂದಳು ಗೌರಮ್ಮ. ಇಪ್ಪತ್ತು ವರ್ಷ ಹಲಗೆ ಬರೆದ ಅನುಭವ, ಸುಮ್ಮನೆಯೇ? "ವಿಶಾಲಾಕ್ಷಿ ಇರೋ ಕಡೆ ಹೋಗಿ ಕೂರ್ಬೇಕು. ಓಡ್ಬಾರ್ದು. ದೊಡ್ಡ ಹೆಜ್ಜೇನೂ ಇಡ್ಬಾರ್ದು. ನಡೀರಿ."

ನಡೆದೆವು. ನನ್ನ ಜೀವಮಾನದಲ್ಲಿ ಅಂಥ ನಡಿಗೆ ನಡೆದವನಲ್ಲ. ಟೈಪಿಂಗ್ ಶಾಲೆ ಎರಡೇ ಬೀದಿ ಆಚೆ, ಬೇರೆ ದಿನವಾಗಿದ್ದರೆ ಮೂರು ನಿಮಿಷಕ್ಕೆ ಹೋಗಿ ಬಾಗಿಲು ತಟ್ಟಿರುತ್ತಿದ್ದೆ. ಈಗ ಹನ್ನೊಂದಕ್ಕೆ ಮುಂಚೆ ತಲುಪಬೇಕು, ಆದರೆ ಅವಸರ ಮಾಡುವಂತಿಲ್ಲ. ಒಂದು ಹೆಜ್ಜೆ ಬೀಸಿ ಇಟ್ಟರೆ ಅಕ್ಕನದೊಂದು ಅಕ್ಷರ ಹೋಯಿತು. ಕಾಲು ತಾನಾಗಿಯೇ ಮುಂದಕ್ಕೆ ಹಾರುತ್ತಿತ್ತು, ತಿಪ್ಪೇಶಿ ನನ್ನ ಅಂಗಿ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದ. "ಮೆಲ್ಲಗೆ, ಮೆಲ್ಲಗೆ, ನಿಮ್ಮಕ್ಕನ್ನ ನೆನೆಸ್ಕೊ" ಅನ್ನುತ್ತಿದ್ದ. ಬೆನ್ನಿನ ಹಿಂದೆ ಎರಡೂ ಬೀದಿಯ ಮುನ್ನೂರು ಜನ ಚಾಪೆ ದಿಂಬು ಕಂಕುಳಲ್ಲಿಟ್ಟುಕೊಂಡು, ಮೊಟ್ಟೆಯ ಮೇಲೆ ನಡೆಯುವವರ ಹಾಗೆ ಬರುತ್ತಿದ್ದರು. ಹಾಲಿಟ್ಟು ಬಂದವಳೊಬ್ಬಳು ತನ್ನ ಮನೆಯ ಮುಂದೆಯೇ ಹಾದು, ಸೀದ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡು, "ಹೋಗ್ಲಿ, ನಾಳೆ ಮಜ್ಜಿಗೆ ಬೇಡ" ಎಂದು ಮುಂದೆ ನಡೆದಳು. ಆ ತಾಯಿಯ ಹೆಸರೂ ನನಗೆ ಗೊತ್ತಿಲ್ಲ.

ನಾವು ತಲುಪಿದಾಗ ಹನ್ನೊಂದು ದಾಟಿ ನಾಲ್ಕು ನಿಮಿಷ. ಪರೀಕ್ಷೆ ಶುರುವಾಗಿತ್ತು. ಕಿಟಕಿಯಲ್ಲಿ ನೋಡಿದರೆ ಹೊರಗಿನಿಂದ ಬಂದ ಪರೀಕ್ಷಕರು ಕೈಗಡಿಯಾರ ನೋಡುತ್ತಾ ಆಕಳಿಸುತ್ತಿದ್ದರು. ಲೂಸಿ ಮೇಡಂ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಅಕ್ಕನ ಮುಂದೆ ಟೈಪ್‌ರೈಟರು. ಕಾಗದದ ಮೇಲೆ ಮೂರೇ ಸಾಲು. ಅವಳ ಬಲಗೈಯ ತೋರುಬೆರಳು ಮೇಲಿನಿಂದ ಕೆಳಗೆ ಇಳಿಯುತ್ತಲೇ ಇತ್ತು, ಇಳಿಯುತ್ತಲೇ ಇತ್ತು. ಟಪ್ ಎಂದಿತು. ಮತ್ತೆ ಎದ್ದಿತು. ಇಪ್ಪತ್ತೇಳು ಸಾಲು ಉಳಿದಿತ್ತು, ಆರು ನಿಮಿಷ ಉಳಿದಿತ್ತು.

ನಾನು ಕಿಟಕಿಯ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕೂತೆ. ತಿಪ್ಪೇಶಿ ಕೂತ. ಬೀದಿಯ ಉದ್ದಕ್ಕೂ ಜನ ಒಬ್ಬರ ಹಿಂದೊಬ್ಬರು ಸದ್ದಿಲ್ಲದೆ ಕೂತರು. ಆಸ್ಪತ್ರೆಯ ನೌಕರರಲ್ಲಿ ಹಿರಿಯವರು ನನ್ನ ಪಕ್ಕ ಬಂದು, "ಕೈ ಮಡಿಲಲ್ಲಿಡಿ. ನಾಲಿಗೆ ಸಡಿಲ ಬಿಡಿ. ಮುಂದೇನಾಗ್ತದೋ ಅಂತ ಮಾತ್ರ ಯೋಚಿಸ್ಬೇಡಿ, ಅದೇ ಎಲ್ಲಕ್ಕಿಂತ ದೊಡ್ಡ ಅವಸರ" ಎಂದು ಹೇಳಿಕೊಟ್ಟರು.

ನಾನು ಯಾವತ್ತೂ ಸುಮ್ಮನೆ ಕೂತವನಲ್ಲ. ಮೂಗು ತುರಿಸಿತು, ತುರಿಸಿಕೊಳ್ಳಲಿಲ್ಲ. ಕಾಲ ಹೆಬ್ಬೆರಳು ತಾನಾಗಿ ತಾಳ ಹಾಕತೊಡಗಿತು, ಅದನ್ನೂ ನಿಲ್ಲಿಸಿದೆ. ಒಳಗೆ ಟಪ್. ಸ್ವಲ್ಪ ಹೊತ್ತಿಗೆ ಇನ್ನೊಂದು ಟಪ್. ಮೈ ಸಡಿಲವಾಗುತ್ತಾ ಹೋಯಿತು. ನನ್ನೊಳಗೆ ಹುಟ್ಟಿದಾಗಿನಿಂದ ಗರಗರ ಅನ್ನುತ್ತಿದ್ದ ಏನೋ ಒಂದು ತಣ್ಣಗಾಗಿ ಎದೆಯಿಂದ ಬೆನ್ನಿಗೆ, ಬೆನ್ನಿನಿಂದ ಗೋಡೆಗೆ ಇಳಿದುಹೋಯಿತು. ಮರುಗಳಿಗೆಯೇ ಒಳಗೆ ಟಪಟಪ. ಆಮೇಲೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಚಟಚಟ ಎಂದು ಸದ್ದು ಎದ್ದಿತು ನೋಡಿ! ಸಾಲು ಮುಗಿದ ಗಂಟೆ ಟಿಣ್ ಅನ್ನುತ್ತಿತ್ತು, ಅದು ಅನುರಣಿಸಿ ಮುಗಿಯುವ ಮುಂಚೆಯೇ ಮತ್ತೆ ಟಿಣ್. ಪರೀಕ್ಷಕರ ಆಕಳಿಕೆ ಅರ್ಧಕ್ಕೇ ನಿಂತುಹೋಯಿತು ಎಂದು ಮೇಡಂ ಆಮೇಲೆ ಹೇಳಿದರು. ಬಾಯಿ ಮುಚ್ಚಲು ಅವರ ಹತ್ತಿರ ವೇಗವೇ ಉಳಿದಿರಲಿಲ್ಲವಂತೆ.

ನನಗೆ ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ. ಅಕ್ಕನದು ಅಂಥ ಕೈ! ಅದನ್ನು ನಾನು ಇಷ್ಟು ವರ್ಷ ಕಾಫಿ ಬಿಸಿಬಿಸಿ ಕುಡಿಯುವುದಕ್ಕೆ, ಸೈಕಲ್ಲಿನಲ್ಲಿ ಸುತ್ತು ಹೊಡೆಯುವುದಕ್ಕೆ, ಒಂದು ಕಾಪಿ ಬೇಕಿದ್ದಲ್ಲಿ ನಾಲ್ಕು ತೆಗೆಯುವುದಕ್ಕೆ ಖರ್ಚು ಮಾಡಿಬಿಟ್ಟಿದ್ದೆ. ಕಣ್ಣೀರು ಕೂಡ ಸರಸರ ಇಳಿಯದ ಹಾಗೆ ನೋಡಿಕೊಂಡೆ. ಅದೊಂದು ಹನಿ ಗಲ್ಲದವರೆಗೆ ಬರಲು ಅಕ್ಕ ಎಂಟು ಸಾಲು ಮುಗಿಸುವಷ್ಟು ಹೊತ್ತು ತೆಗೆದುಕೊಂಡಿತು.

ಸದ್ದು ನಿಂತಿತು. ಕಾಗದ ಎಳೆದ ಸಪ್ಪಳ. ಆಮೇಲೆ ಅಕ್ಕನ ದನಿ: "ಇನ್ನೂ ಮುಕ್ಕಾಲು ನಿಮಿಷ ಇದೆಯಲ್ಲಾ ಸಾರ್. ಇನ್ನೊಂದು ಪುಟ ಇದ್ರೆ ಕೊಡಿ."

ಬೀದಿಯಲ್ಲಿ ಮುನ್ನೂರು ಜನ ಒಟ್ಟಿಗೆ ಉಸಿರು ಬಿಟ್ಟು ಎದ್ದು, ಈಗ ಸರಿಯಾಗಿಯೇ ದಡಬಡಿಸಿ ಮನೆಗಳ ಕಡೆ ಓಡಿದರು. ಸರ್ಕಲ್ಲಿನ ಹಲಗೆಯ ಮೇಲೆ ಗೌರಮ್ಮ ಬರೆದಳು: ಮಿಂಚು 88, ಸಿಡಿಲು 97, ಇಬ್ಬರೂ ಬಿಟ್ಟೆದ್ದರು; ವಿಶಾಲಾಕ್ಷಿ 100. ಆ ಬರಹವನ್ನು ಈವರೆಗೂ ಅಳಿಸಿಲ್ಲ. "ಮೂರೇ ಪರ್ಸೆಂಟು ಕಣೋ" ಎಂದು ತಿಪ್ಪೇಶಿ ದಿನಕ್ಕೆ ಮೂರು ಸಲ ಹೇಳುತ್ತಾನೆ. ಹೇಳಲಿ ಬಿಡಿ, ಅವನಿಗೆ ಹಕ್ಕಿದೆ.

ಅಕ್ಕ ಹೊರಗೆ ಬಂದಾಗ ನಾನಿನ್ನೂ ಗೋಡೆಗೊರಗಿ ಕೂತೇ ಇದ್ದೆ. ಅವಳ ಮುಖ ಕೆಂಪೇರಿತ್ತು, ಹಣೆಯ ಮೇಲೆ ಬೆವರಿತ್ತು. ಬೆವರುವಷ್ಟು ಜೋರಾಗಿ ಅವಳು ಕೆಲಸ ಮಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. "ಗೆದ್ಯೇನೋ?" ಎಂದು ಕೇಳಿದಳು. ಇಲ್ಲ ಅಂದೆ. "ಅಯ್ಯೋ, ಪಾಪ" ಎಂದಳು. ನಿಜವಾಗಿಯೂ ಬೇಸರಪಟ್ಟುಕೊಂಡೇ ಹೇಳಿದಳು. ಮನೆಗೆ ಹೋಗಿ ಮೊಳೆ ಗಟ್ಟಿಯಾಗಿದೆಯೇ ನೋಡಬೇಕು, ಹನ್ನೊಂದು ವರ್ಷವಾಯಿತು, ತುಕ್ಕು ಹಿಡಿದಿರಬಹುದು ಎಂದು ಹೇಳುತ್ತಲೇ ಹೊರಟುಬಿಟ್ಟಳು.

ನಾನು ಎದ್ದು ಹಿಂದೆ ನಡೆದೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸರಸರ ನಡೆಯುತ್ತಿದ್ದಳು. ನನಗೂ ಅವಳಿಗೂ ನಡುವೆ ಹತ್ತು ಮಾರು ಅಂತರವಾಯಿತು, ಇಪ್ಪತ್ತಾಯಿತು. ಅವಳ ಬೆನ್ನನ್ನು ನಾನು ಅಷ್ಟು ದೂರದಿಂದ ನೋಡಿದ್ದು ಅದೇ ಮೊದಲು. ತಿರುವಿನಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು.

"ಬೇಗ ಬಾರೋ ಚಿದು! ಎಷ್ಟು ನಿಧಾನ ನೀನು!"

"ಬಂದೆ ಅಕ್ಕ" ಅಂದೆ. ಆದರೆ ಹೆಜ್ಜೆ ಜೋರು ಮಾಡಲಿಲ್ಲ.